ಗೋಡೆಯೊಳಗೆ ನಿಂತ ಒಂದು ಗೇಣು ನೀರು

ದುಬೈಯಲ್ಲಿ ನಲ್ಲಿಗಳು ಹೆಪ್ಪುಗಟ್ಟದಂತೆ ಕಾಯುವುದು ನನ್ನ ಕೆಲಸವಾಗಿತ್ತು ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ವಯಸ್ಸು ಕೇಳುತ್ತಾರೆ. ನಗಲಿ. ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ಊರು ಅದು. ಸ್ನಾನಕ್ಕೆ ತಣ್ಣೀರು ಬೇಕಾದವರು ಗೀಸರ್ ಆರಿಸಿ, ಅದರೊಳಗೆ ತಣಿದ ನೀರನ್ನು ಹಿಡಿದುಕೊಳ್ಳುತ್ತಾರೆ. ಅಂಥ ಊರಿನಲ್ಲಿ, ಜೆಬೆಲ್ ಅಲಿಯ ಅಂಚಿನ ಒಂದು ಹಳೆಯ ಗೋದಾಮಿನೊಳಗೆ, ಮಕ್ಕಳಿಗಾಗಿ ಹಿಮದ ಹಾಲ್ ಕಟ್ಟಿದ್ದರು. ಜಾರುಬಂಡೆ, ಪ್ಲಾಸ್ಟಿಕ್ಕಿನ ಪೈನ್ ಮರಗಳು, ಮರದ ಹಲಗೆ ಹೊಡೆದ ಒಂದು ಸುಳ್ಳು ಕಾಟೇಜ್. ಹಗಲು ಮೈನಸ್ ಎರಡು ಡಿಗ್ರಿ. ಸಂಜೆ ಬಾಗಿಲು ಹಾಕಿದ ಮೇಲೆ ಹೊಸ ಹಿಮ ಮಾಡಲು ಮೈನಸ್ ಆರಕ್ಕೆ ಇಳಿಸುತ್ತಿದ್ದರು. ಆ ಹಾಲಿನ ಗೋಡೆಗಳಲ್ಲಿ ಆರು ನಲ್ಲಿಗಳು. ನಕ್ಷೆಯಲ್ಲಿ ಅವುಗಳ ಹೆಸರು ‘ಔಟ್‌ಡೋರ್ ಟ್ಯಾಪ್’ ಒಂದರಿಂದ ಆರು. ಗೋದಾಮಿನೊಳಗೆ ಹಾಲ್, ಹಾಲಿನೊಳಗೆ ಚಳಿಗಾಲ, ಚಳಿಗಾಲದೊಳಗೆ ಔಟ್‌ಡೋರ್. ನಾನು ಅಲ್ಲಿ ಹೌಸ್‌ಕೀಪಿಂಗ್ ಇನ್‌ಚಾರ್ಜ್. ಆಗ ನನಗೆ ಅರವತ್ತೊಂದು.

ಇದನ್ನು ನಾನು ಸೇಡಿಗಾಗಿಯೇ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಓದಿದವಳು ಹಾಗೆ ಹೇಳಬಾರದು. ಫರ್ಗಿವ್‌ನೆಸ್ ಎಂಬ ಪದವನ್ನು ಕರ್ಸಿವ್ ಅಕ್ಷರದಲ್ಲಿ ನೂರು ಸಲ ಬರೆಸಿದ್ದರು ನನ್ನಿಂದ. ಕೈಬರಹ ಚೆನ್ನಾಯಿತು, ಅಷ್ಟೇ.

ಮೊದಲು ಅಲ್ಲಿದ್ದದ್ದು ಮಾಮೂಲಿ ಹಿತ್ತಾಳೆ ನಲ್ಲಿಗಳು. ಚಳಿಯ ನಲ್ಲಿ ಕಾಯುವುದು ನನಗೆ ಹೊಸದಲ್ಲ ಎಂಬ ಜಂಬ ನನಗಿತ್ತು. ನಾನು ಓದಿದ ಕಾನ್ವೆಂಟ್ ನೀಲಗಿರಿಯ ಮೇಲಿತ್ತು. ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಗಟ್ಟಿಯಾಗುತ್ತಿತ್ತು. ತೋಟ ನೋಡಿಕೊಳ್ಳುತ್ತಿದ್ದ ಐರಿಷ್ ಸಿಸ್ಟರ್ ಸಂಜೆಯ ಪ್ರೇಯರ್ ಮುಗಿದ ಕೂಡಲೇ ನಮ್ಮಲ್ಲಿ ನಾಲ್ವರನ್ನು ಆರಿಸಿ ನಲ್ಲಿಗಳಿಗೆ ಗೋಣಿತಾಟು ಕಟ್ಟಿಸುತ್ತಿದ್ದರು. ಮೈಸೂರಿನ ಮಡಿ ಮನೆಯಿಂದ ಹೋದ ನನಗೆ ಹುರಿಯ ಗಂಟು ಹಾಕುವುದನ್ನು ಕಲಿಸಿದ್ದು ಅವರ ಕೆಂಪು, ಒರಟು ಕೈಗಳು. ಈಗಲೂ ಹಸಿ ಗೋಣಿಯ ವಾಸನೆ ಬಂದರೆ ನನಗೆ ಹನ್ನೆರಡು ವರ್ಷ.

ಅದನ್ನೇ ಇಲ್ಲೂ ಮಾಡಿದೆ. ಗೋಣಿ, ಅದರ ಮೇಲೆ ಥರ್ಮೋಕೋಲ್, ಅದರ ಮೇಲೆ ಟೇಪು. ಮೂರನೆಯ ದಿನ ಎರಡು ನಲ್ಲಿ ಒಡೆದವು. ತಪ್ಪು ಎಲ್ಲಿ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಗೋಣಿ ಶಾಖ ಕೊಡುವುದಿಲ್ಲ, ಇರುವ ಶಾಖ ಹೋಗುವುದನ್ನು ತಡ ಮಾಡುತ್ತದೆ. ಗುಡ್ಡದ ಮೇಲೆ ಅಷ್ಟು ಸಾಕು, ಏಕೆಂದರೆ ಎಂಟು ಗಂಟೆಗೆ ಸೂರ್ಯ ಬರುತ್ತಾನೆ. ನಮ್ಮ ಹಾಲಿಗೆ ಸೂರ್ಯ ಎಂದೂ ಬರುವಂತಿರಲಿಲ್ಲ.

ಆಮೇಲೆ ಕಂಪನಿ ಒಬ್ಬ ವಿದೇಶಿ ಎಂಜಿನಿಯರನ್ನು ಕರೆಸಿತು. ಅವರು ಉದ್ದ ಕತ್ತಿನ ನಲ್ಲಿಗಳನ್ನು ಹಾಕಿಸಿದರು. ಅದರ ಜಾಣತನ ಇಷ್ಟೇ: ನಾವು ತಿರುಗಿಸುವ ಹಿಡಿ ಚಳಿಯ ಬದಿಯಲ್ಲಿ, ಆದರೆ ನೀರನ್ನು ನಿಲ್ಲಿಸುವ ವಾಷರ್ ಗೋಡೆಯ ಆಚೆ, ಬೆಚ್ಚಗಿನ ಬದಿಯಲ್ಲಿ. ನಡುವೆ ಒಂದು ಗೇಣುದ್ದದ ಕೊಳವೆ, ಹೊರಮುಖವಾಗಿ ತುಸು ಇಳಿಜಾರು. ನಲ್ಲಿ ಮುಚ್ಚಿದ ಮೇಲೆ ಆ ಒಂದು ಗೇಣಿನಲ್ಲಿ ಉಳಿದ ನೀರು ತಾನಾಗಿ ಹೊರಗೆ ಸುರಿದುಹೋಗುತ್ತದೆ. ಖಾಲಿ ಕೊಳವೆ ಹೇಗೆ ಹೆಪ್ಪುಗಟ್ಟೀತು?

“ಮುಚ್ಚಿದ ಮೇಲೆ ಬಾಯಿ ತೆರೆದೇ ಇರಬೇಕು. ಅರ್ಧ ನಿಮಿಷ ಬಿಡಿ, ಖಾಲಿಯಾಗುತ್ತದೆ,” ಎಂದು ಎಂಜಿನಿಯರ್ ಹೇಳಿಹೋದರು.

ನಡುಗುತ್ತ ನಿಂತವರಿಗೆ ಅರ್ಧ ನಿಮಿಷ ಎಷ್ಟೆಂದು ಯಾರಿಗೆ ಗೊತ್ತು? ಗ್ಲೌಸ್ ತೆಗೆದು ಗಡಿಯಾರ ನೋಡುವಂತಿಲ್ಲ. ಸಿಸ್ಟರ್ ಕಲಿಸಿದ ಅಳತೆಯೇ ನೆನಪಾಯಿತು: ನೀರು ಬಿಟ್ಟ ಮೇಲೆ ಒಂದು ಹೇಲ್ ಮೇರಿ ಪ್ರಾರ್ಥನೆ ಪೂರ್ತಿ ಹೇಳಬೇಕು, “ಆ್ಯಂಡ್ ನಾಟ್ ಎ ಗ್ಯಾಬಲ್ಡ್ ಒನ್, ಮೈ ಡಿಯರ್ ಗರ್ಲ್.” ಗಡಿಬಿಡಿ ಮಾಡದೆ ಹೇಳಿದರೆ ಇಲ್ಲಿನ ಕೊಳವೆಗೂ ಅದು ಸರಿಹೋಯಿತು. ನನ್ನ ತಂಡದ ನೇಪಾಳದ ಹೆಂಗಸು ತನ್ನ ದೇವಿಯದೇನೋ ಹೇಳಿಕೊಳ್ಳುತ್ತಿದ್ದಳು. ಪ್ಲಂಬರ್ ಫಾತಿಹಾ ಓದುತ್ತಿದ್ದ. ಸಂಜೆ ಬಾಗಿಲು ಹಾಕಿದ ಮೇಲೆ ಆರು ನಲ್ಲಿಗಳ ಮುಂದೆ ತುಟಿ ಅಲ್ಲಾಡಿಸುತ್ತ ನಿಂತ ನಮ್ಮನ್ನು ಯಾರಾದರೂ ನೋಡಿದ್ದರೆ ಹೊಸ ಮತವೊಂದು ಹುಟ್ಟಿದೆ ಎಂದುಕೊಳ್ಳುತ್ತಿದ್ದರೇನೋ.

ಆ ಪ್ಲಂಬರ್ ಬಗ್ಗೆ ಹೇಳಬೇಕು. ಭಟ್ಕಳದ ಹತ್ತಿರದವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಊರಿನಲ್ಲಿದ್ದ ಹೆಂಡತಿ, ಪುಟ್ಟ ಮಗಳ ಜೊತೆ ಇದ್ದದ್ದು ರಜೆಗಳನ್ನೆಲ್ಲ ಕೂಡಿಸಿದರೆ ಒಂದು ವರ್ಷವೂ ಆಗದು. ಆ ವರ್ಷ ಅವನಿಗೆ ಗ್ರೇಡ್ ಏರಿ ಫ್ಯಾಮಿಲಿ ವೀಸಾ ಸಿಗುವಂತಾಗಿತ್ತು. ಅಟೆಸ್ಟ್ ಆದ ಮದುವೆ ಸರ್ಟಿಫಿಕೇಟಿನ ಅಸಲು ಪ್ರತಿ ತರಿಸಿದ್ದ. ಇನ್ನು ಬೇಕಾಗಿದ್ದದ್ದು ಕಂಪನಿ ಲೆಟರಿಗೆ ಆಪರೇಷನ್ಸ್ ಮ್ಯಾನೇಜರರ ಒಂದು ಸಹಿ.

“ಫೈಲು ಕೊಟ್ಟಾಯ್ತು ಮೇಡಂ,” ಎಂದ ಒಂದು ದಿನ, ಮುಖವೆಲ್ಲ ಅರಳಿಸಿಕೊಂಡು. “ಸಾಹೇಬ್ರ ಮೇಜಿನ ಮೇಲೇ ಉಂಟು. ಈ ವಾರ ಸೈನ್ ಮಾಡ್ತೇನೆ ಹೇಳಿದ್ರು.”

ಈ ಸಾಹೇಬರು ಹೊಸಬರು. ಬೆಂಗಳೂರಿನವರು, ನನ್ನ ಮಗನಾಗುವ ವಯಸ್ಸು, ಒಳ್ಳೆಯ ಶೂ. ಬಂದ ಮೊದಲ ದಿನವೇ ನನ್ನನ್ನು ಆಂಟಿ ಎಂದರು. ಆ ಪದದ ಮೇಲೆ ನನಗೇನೂ ದ್ವೇಷವಿಲ್ಲ. ಸತ್ವಾ ಬಡಾವಣೆಯಲ್ಲಿ ನಾನಿದ್ದ ಶೇರಿಂಗ್ ವಿಲ್ಲಾದಲ್ಲಿ ಎಲ್ಲರಿಗೂ ನಾನು ಆಂಟಿಯೇ. ಆದರೆ ಅವರು ಹೇಳುವಾಗ ಅದು ಬೇರೆ ಥರ ಕೇಳಿಸುತ್ತಿತ್ತು, ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿದ ಹಾಗೆ. ಎರಡನೆಯ ವಾರ ಅವರು ತಮ್ಮ ಆಫೀಸನ್ನು ಹಾಲಿನ ಗೋಡೆಗೆ ಅಂಟಿದ ಕೋಣೆಗೆ ಬದಲಾಯಿಸಿಕೊಂಡರು. ಆ ಗೋಡೆಯಲ್ಲಿ ದಪ್ಪ ಗಾಜಿನ ದೊಡ್ಡ ಕಿಟಕಿ ಹಾಕಿಸಿದರು. ಕುರ್ಚಿಯಲ್ಲಿ ಕೂತರೆ ಇಡೀ ಹಿಮ ಕಾಣಬೇಕಂತೆ. ಕಿಟಕಿಯ ಕೆಳಗೆ, ಹಿಮದ ಬದಿಯಲ್ಲಿ, ಆರನೆಯ ನಲ್ಲಿ.

ಮೂರನೆಯ ವಾರ ಅವರು ನಲ್ಲಿಗಳನ್ನು ಗಮನಿಸಿದರು.

“ಏನ್ ಆಂಟಿ ಇದು, ಎಲ್ಲಾ ನಲ್ಲೀನೂ ಸೋರುತ್ತೆ? ಆಫ್ ಮಾಡಿದ ಮೇಲೂ ನೀರು ಬರ್ತಾನೇ ಇದೆ.”

“ಸೋರೋದಲ್ಲ ಸರ್, ಖಾಲಿ ಆಗ್ತಿದೆ. ಅದು ಹಾಗೇ ಆಗಬೇಕು.”

“ನೆಲದ ಮೇಲೆ ಐಸ್ ಗಡ್ಡೆ ಕಟ್ಟಿದೆ ನೋಡಿ. ಯಾವುದಾದ್ರೂ ಮಗು ಜಾರಿ ಬಿದ್ರೆ ಯಾರ್ ಜವಾಬ್ದಾರಿ?”

ನ್ಯಾಯ ಹೇಳಬೇಕು. ಆ ಮಾತಿನಲ್ಲಿ ಹುರುಳಿತ್ತು. ಬಕೆಟ್ ಇಡುತ್ತೇವೆ ಎಂದೆ. ಅವರಿಗೆ ಬಕೆಟ್ ಬೇಕಿರಲಿಲ್ಲ; ಸೊಲ್ಯೂಷನ್ ಬೇಕಿತ್ತು. ಮರುದಿನ ಒಂದು ಡಬ್ಬಿ ಶತ್ತಾಫ್ ಬಂತು. ಗಲ್ಫಿನಲ್ಲಿ ಇದ್ದವರಿಗೆ ಶತ್ತಾಫ್ ಏನೆಂದು ಹೇಳಬೇಕಿಲ್ಲ. ಪ್ರತಿ ಟಾಯ್ಲೆಟ್ಟಿನ ಪಕ್ಕದಲ್ಲಿ ನೇತಾಡುವ, ಒತ್ತಿದರೆ ನೀರು ಚಿಮ್ಮುವ, ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಕೈಗನ್ನು. ಆರು ನಲ್ಲಿಗಳ ಬಾಯಿಗೂ ಮೊಳದುದ್ದ ಪೈಪು ಸಿಕ್ಕಿಸಿ, ತುದಿಗೆ ಶತ್ತಾಫ್ ಹಾಕಿಸಿದರು. ಸೋರುವುದು ನಿಂತಿತು. ಅಂದರೆ, ಆ ಒಂದು ಗೇಣು ನೀರು ಕೊಳವೆಯಲ್ಲೇ ನಿಂತಿತು.

“ಇನ್ನು ಇದು ಒಡೀತದೆ,” ಎಂದ ಪ್ಲಂಬರ್, ನನಗೆ ಮಾತ್ರ ಕೇಳುವ ಹಾಗೆ.

ನಾವು ಜಗಳಕ್ಕೆ ಹೋಗಲಿಲ್ಲ. ನನ್ನ ವಯಸ್ಸಿನವಳ ವೀಸಾ ವರ್ಷವರ್ಷವೂ ರಿನ್ಯೂ ಆಗಬೇಕು, ಅದಕ್ಕೂ ಅದೇ ಸಹಿ. ಸಂಜೆ ಬಾಗಿಲು ಹಾಕಿದ ಮೇಲೆ ಆರೂ ಶತ್ತಾಫ್ ಬಿಚ್ಚಿ ಸ್ಟೋರಿನ ಮೊಳೆಗಳಿಗೆ ನೇತುಹಾಕುವುದು, ಪ್ರಾರ್ಥನೆ ಹೇಳುವುದು, ಬೆಳಿಗ್ಗೆ ಅವರು ಬರುವ ಮುಂಚೆ ಮತ್ತೆ ಹಾಕುವುದು. ಅವರದೇ ಆಜ್ಞೆಯಿಂದ ಅವರ ಹಾಲನ್ನು ಕಾಪಾಡುವ ಈ ಕಳ್ಳ ಕೆಲಸ ಹದಿನೈದು ದಿನ ನಡೆಯಿತು. ಒಂದು ಬೆಳಿಗ್ಗೆ ಅವರು ಬೇಗ ಬಂದರು. ಮೊಳೆಗಳ ಮೇಲೆ ಆರು ಶತ್ತಾಫ್ ತೂಗುತ್ತಿದ್ದವು.

“ಇದೇನು ತಮಾಷೆನಾ ಆಂಟಿ? ನಾನು ಹೇಳಿದ್ದನ್ನ ಬಿಚ್ಚಿಡೋಕೆ ನೀವ್ಯಾರು?” ಎಂದು ಇಡೀ ತಂಡದ ಮುಂದೆ ಕೂಗಿದರು. ಆಮೇಲೆ ನಕ್ಕರು, ಆ ನಗುವೇ ಕೂಗಿಗಿಂತ ಕಹಿ. “ಕಾನ್ವೆಂಟ್ ಅಂತೀರ, ಡಿಸಿಪ್ಲಿನ್ ಕಲಿಸಲಿಲ್ವಾ?”

ಅಂದೇ ಪ್ಲಂಬರ್ ಕೈಯಲ್ಲಿ ಎಲ್ಲವನ್ನೂ ಟೆಫ್ಲಾನ್ ಟೇಪ್ ಸುತ್ತಿಸಿ, ಸ್ಪ್ಯಾನರ್ ಹಾಕಿ ಬಿಗಿಸಿದರು, ಎದುರಿಗೆ ನಿಂತು. ಸಂಜೆ ಪ್ಲಂಬರ್ ಸ್ಪ್ಯಾನರ್ ಹಾಕಿಯೇ ಬಿಚ್ಚಿದ. ಹತ್ತು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ.

ಆಮೇಲೆ ಅವನನ್ನು ಎರಡು ದಿನಕ್ಕೆ ಅಬುಧಾಬಿಯ ಸೈಟಿಗೆ ಕಳಿಸಿದರು. ಹೋಗುವಾಗ ಸ್ಪ್ಯಾನರನ್ನು ನನ್ನ ಕೈಗಿಟ್ಟು, “ನಿಮ್ಮಿಂದ ಆಗ್ತದಾ ಮೇಡಂ?” ಎಂದ. “ನಾನು ಗುಡ್ಡದ ಮೇಲಿನ ಹುಡುಗಿ ಕಣೋ,” ಎಂದೆ.

ಅಂದು ಸಂಜೆ ನಾಲ್ಕನ್ನು ಬಿಚ್ಚಿದೆ. ಆರನೆಯದನ್ನು ನೇಪಾಳದ ಹೆಂಗಸು ಮೈಭಾರ ಹಾಕಿ ಬಿಚ್ಚಿದಳು. ಐದನೆಯದು ಬರಲಿಲ್ಲ. ನನ್ನ ಮಣಿಕಟ್ಟಿನಲ್ಲಿ ಆರ್ಥ್ರೈಟಿಸ್. ಚಳಿಯಲ್ಲಿ ಕೈ ಮುಷ್ಟಿಯಾಗಿ ಬಿಗಿದುಕೊಂಡು, ಬೆರಳು ನನ್ನ ಮಾತೇ ಕೇಳಲಿಲ್ಲ. ಇಬ್ಬರೂ ಸೇರಿ ತಿರುಗಿಸಿದರೆ ಸ್ಪ್ಯಾನರ್ ಜಾರಿತು. ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಒಂದು ತಾನೇ, ಒಂದು ದಿನ ತಾನೇ ಎಂದು ಬಿಟ್ಟು ಬಂದೆ. ಅದು ನನ್ನ ತಪ್ಪು, ಬರೆದುಬಿಡುತ್ತೇನೆ.

ಬೆಳಿಗ್ಗೆ ಶಿಫ್ಟಿನವರು ಐದನೆಯ ನಲ್ಲಿ ತಿರುಗಿಸಿದರು, ಶತ್ತಾಫ್ ಒತ್ತಿದರು. ನೀರು ಬರಲಿಲ್ಲ. ಇನ್ನಷ್ಟು ತಿರುಗಿಸಿದರು. ಬಾಯಿಯ ಕಡೆ ಮಂಜುಗಡ್ಡೆ ಬಿರಡೆಯಾಗಿ ಕೂತಿತ್ತು. ಆ ಬಿರಡೆಯ ಹಿಂದೆ ನೀರು ಉಬ್ಬಿ, ಕೊಳವೆಯನ್ನು ಸೀಳಿದ್ದು ಬೆಚ್ಚಗಿನ ಬದಿಯಲ್ಲಿ, ವಾಷರಿನ ಪಕ್ಕದಲ್ಲಿ. ಹಿಮದ ಕಡೆ ತೊಟ್ಟೂ ಇಲ್ಲ. ಗೋಡೆಯ ಆಚೆ ಪೂರ್ತಿ ಪ್ರೆಷರಿನಲ್ಲಿ ನೀರು. ಆ ಗೋಡೆಯ ಆಚೆ ಮಕ್ಕಳ ಬೂಟುಗಳ ಸ್ಟೋರ್. ಗೊತ್ತಾಗುವಷ್ಟರಲ್ಲಿ ಪುಟ್ಟ ಪುಟ್ಟ ಬೂಟುಗಳು ದೋಣಿಗಳ ಹಾಗೆ ಕಾರಿಡಾರಿನಲ್ಲಿ ತೇಲಿ ಬಂದವು.

ಮ್ಯಾನೇಜರರ ರಿಪೋರ್ಟು ಮಧ್ಯಾಹ್ನಕ್ಕೇ ತಯಾರಾಯಿತು. ಕಾರಣ: ಪ್ಲಂಬರ್ ಶತ್ತಾಫನ್ನು ಸರಿಯಾಗಿ ಜೋಡಿಸಿರಲಿಲ್ಲ, ಅನುಮತಿಯಿಲ್ಲದೆ ಪದೇಪದೇ ಬಿಚ್ಚಿ ನಲ್ಲಿ ಹಾಳು ಮಾಡಿದ್ದಾನೆ. ನಾನು ಅವರ ಕೋಣೆಗೆ ಹೋದೆ. ಕೂರಲು ಹೇಳಲಿಲ್ಲ. ಮೇಜಿನ ಮೇಲೆ, ಫೋನಿನ ಪಕ್ಕದಲ್ಲಿ, ನೀಲಿ ಕಾರ್ಡ್‌ಬೋರ್ಡ್ ಫೈಲಿತ್ತು.

“ಸರ್, ಅವನು ಆ ದಿನ ಇಲ್ಲಿರಲೇ ಇಲ್ಲ. ಐದನೆಯದನ್ನ ಬಿಚ್ಚದೆ ಬಿಟ್ಟವಳು ನಾನು. ಬಿಚ್ಚಿದ್ದು ಒಂದೂ ಒಡೆದಿಲ್ಲ, ಬಿಚ್ಚದ್ದು ಒಡೀತು. ಶತ್ತಾಫ್ ಇರೋದ್ರಿಂದಲೇ...”

“ಆಂಟಿ, ಅದು ಹಿತ್ತಾಳೆ. ಮಣ್ಣಿನ ಮಡಕೆ ಅಲ್ಲ. ಒಂದು ಲೋಟ ನೀರು ಹಿತ್ತಾಳೆ ಒಡೆಯುತ್ತಾ?”

“ಒಡೆಯುತ್ತೆ.”

“ನಿಮಗೆ ರೆಸ್ಟ್ ಬೇಕು. ಅವನನ್ನ ಕವರ್ ಮಾಡೋಕೆ ಬರಬೇಡಿ. ಅರ್ಬಾಬ್ ಮುಂದಿನ ಗುರುವಾರ ಬರ್ತಿದಾರೆ. ಅದು ಮುಗೀಲಿ, ಅವನ ವೀಸಾ ಕ್ಯಾನ್ಸಲ್. ಈ ಲೆಟರ್‌ಗೆ ನಾನ್ಯಾಕೆ ಸೈನ್ ಮಾಡ್ಲಿ ಈಗ?” ಎಂದು ನೀಲಿ ಫೈಲನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. ಒಂಬತ್ತು ವರ್ಷದ ಮದುವೆಯನ್ನು ತಳ್ಳಿದ ಬೆರಳು ಅದು. ಆ ಬೆರಳನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಮೇಲ್ ಮಾಡಿದೆ; ಎಂಜಿನಿಯರ್ ಹೇಳಿದ ನಿಯಮ, ಐದನೆಯ ನಲ್ಲಿಯ ಸೀಳಿನ ಫೋಟೋ, ಎಲ್ಲ. ಉತ್ತರ ಒಂದೇ ಸಾಲು: ಆರೂ ಶತ್ತಾಫ್‌ಗಳು ಇಪ್ಪತ್ತನಾಲ್ಕು ಗಂಟೆಯೂ ಹಾಕಿಯೇ ಇರಬೇಕು, ಯಾರೂ ಮುಟ್ಟಕೂಡದು. ಅದರ ಪ್ರಿಂಟ್ ತೆಗೆದು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ.

ಸುದ್ದಿ ಕೇಳಿದ ಪ್ಲಂಬರ್ ಕೂಗಾಡಲಿಲ್ಲ. ಐದನೆಯ ನಲ್ಲಿಯನ್ನು ಬದಲಾಯಿಸುತ್ತ, “ಅವಳು ಸೂಟ್‌ಕೇಸ್ ತಕೊಂಡಾಯ್ತು ಮೇಡಂ,” ಎಂದಷ್ಟೇ ಹೇಳಿದ. ಕೊನೆಯ ನಟ್ಟು ಬಿಗಿಸಿ, “ಕೆಲಸ ಹೋಗ್ಲಿ. ಫೈಲಾದ್ರೂ ವಾಪಸ್ ಕೊಟ್ರೆ ಸಾಕಿತ್ತು. ಒರಿಜಿನಲ್ ಉಂಟಲ್ವ ಅದರಲ್ಲಿ,” ಎಂದ. ಕೇಳಿಸಿಕೊಂಡೆ. ಆದರೆ ನನ್ನ ತಲೆಯಲ್ಲಿ ಆಗಲೇ ಗುರುವಾರ ತುಂಬಿತ್ತು.

ಗುರುವಾರದ ಕಾರ್ಯಕ್ರಮ ಎಲ್ಲರಿಗೂ ಗೊತ್ತಿತ್ತು. ಆರನೆಯ ನಲ್ಲಿಯ ಪಕ್ಕದಲ್ಲಿ ತಂತಿಯ ಪರದೆ ಕಟ್ಟಿ, ಅದರ ಮೇಲೆ ದಿನವೂ ನೀರು ಚಿಮುಕಿಸಿ ಮಂಜಿನ ಜಡೆಗಳನ್ನು ಇಳಿಬಿಡುತ್ತಿದ್ದೆವು. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅರ್ಬಾಬ್, ಅಂದರೆ ನಮ್ಮ ಮಾಲೀಕರ ಎದುರು ಮ್ಯಾನೇಜರರೇ ಸ್ವತಃ ನಲ್ಲಿ ತಿರುಗಿಸಿ, ತಮ್ಮ ಶತ್ತಾಫಿನಿಂದ ನೀರು ಚಿಮುಕಿಸಿ ತೋರಿಸುವವರಿದ್ದರು. ಆ ನಲ್ಲಿಯ ಬೆಚ್ಚಗಿನ ತುದಿ ಇದ್ದದ್ದು ಅವರ ಆಫೀಸಿನೊಳಗೆ, ಮೇಜಿನ ಪಕ್ಕದ ಗೋಡೆಯಲ್ಲಿ, ತೆಳು ಹಲಗೆಯ ಹಿಂದೆ.

ಬುಧವಾರ ಸಂಜೆ ಮಾಮೂಲಿನಂತೆ ಶತ್ತಾಫ್ ಬಿಚ್ಚಲು ಹೊರಟೆವು. ಅವರ ಆಜ್ಞೆಯನ್ನು ಅಕ್ಷರಶಃ ಪಾಲಿಸಿದೆ ಎಂದು ಹೇಳಿಕೊಂಡರೆ ನನಗೆ ಅನುಕೂಲ; ಆದರೆ ಅದು ಸುಳ್ಳು. ಪಾಲಿಸುವುದಾಗಿದ್ದರೆ ಆರನ್ನೂ ಬಿಡಬೇಕಿತ್ತು. ನಾನು ಆರಿಸಿಕೊಂಡೆ. ಪ್ಲಂಬರ್ ಒಂದರಿಂದ ಐದರವರೆಗೆ ಬಿಚ್ಚಿ, ಫಾತಿಹಾ ಮುಗಿಸಿ ಬಂದ.

“ಆರು?” ಎಂದ.

“ಅದು ಆಯ್ತು. ನಾನೇ ತೆಗೆದೆ.”

ಅವನು ನನ್ನ ಮಣಿಕಟ್ಟು ನೋಡಿದ. “ನೋವಿಲ್ವಾ ಮೇಡಂ?”

“ಇವತ್ತು ಇಲ್ಲ.”

ಆ ಮೇಲೂ ಒಂದು ಕ್ಷಣ ನಿಂತ. ಆದರೆ ನಾನು ಅವನಿಗೆ ಎಂದೂ ಸುಳ್ಳು ಹೇಳಿದವಳಲ್ಲ. ನಂಬಿ ಬಸ್ಸಿಗೆ ಹೋದ. ನಾನು ಆರನೆಯ ನಲ್ಲಿಯ ಹತ್ತಿರ ಹೋಗಿ, ಒಮ್ಮೆ ತೆರೆದು, ಶತ್ತಾಫ್ ಒತ್ತಿ, ಕೊಳವೆ ತುಂಬಿದೆಯೆಂದು ಖಚಿತ ಮಾಡಿಕೊಂಡು ಮುಚ್ಚಿದೆ. ಪ್ರಾರ್ಥನೆ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಬಹಳ ವರ್ಷಗಳ ಮೇಲೆ ಹಸಿವಾಯಿತು, ಹುಡುಗಿಯ ಹಸಿವು.

ಗುರುವಾರ ಹತ್ತಕ್ಕೆ ಮಾಲೀಕರು ಬಂದರು. ಕಂದೂರ ಎಂಬ ಬಿಳಿ ನಿಲುವಂಗಿಯ ಮೇಲೆ ನಮ್ಮದೇ ನೀಲಿ ಜಾಕೆಟ್ ಹಾಕಿಕೊಂಡ, ಮೆತ್ತಗೆ ಮಾತಾಡುವ ಮುದುಕರು. ನಮ್ಮಂಥವರ ಜೊತೆ ಹಿಂದಿಯಲ್ಲೇ ಮಾತು. ಬೆಳಗಿನ ತಪಾಸಣೆಯ ನೆವ ಹೇಳಿ ಪ್ಲಂಬರನ್ನು ನಾನು ಪಂಪ್ ರೂಮಿಗೆ ಕಳಿಸಿದ್ದೆ. ಮ್ಯಾನೇಜರ್ ಹೊಸ ಸೂಟಿನಲ್ಲಿದ್ದರು. ಜಾರುಬಂಡೆ ತೋರಿಸಿದರು, ಕಾಟೇಜ್ ತೋರಿಸಿದರು. ಕಿಟಕಿಯ ಕೆಳಗೆ ಬಂದು, ಮಾಲೀಕರ ಕಡೆ ಮುಖ, ಕಿಟಕಿಯ ಕಡೆ ಬೆನ್ನು ಮಾಡಿ ನಿಂತು, ನಲ್ಲಿ ತಿರುಗಿಸಿ ಶತ್ತಾಫ್ ಒತ್ತಿದರು.

ಏನೂ ಬರಲಿಲ್ಲ.

“ಪ್ರೆಷರ್ ಸ್ವಲ್ಪ ಕಮ್ಮಿ,” ಎಂದು ನಕ್ಕು ಇನ್ನೊಂದು ಸುತ್ತು ತಿರುಗಿಸಿದರು.

ಮಾಲೀಕರು ಮಂಜಿನ ಜಡೆಗಳನ್ನು ನೋಡುತ್ತಿದ್ದರು. ಕಿಟಕಿಯನ್ನು ನೋಡುತ್ತಿದ್ದವಳು ನಾನೊಬ್ಬಳೇ. ಮೊದಲು ಹಲಗೆಯ ಮೇಲೊಂದು ಕಪ್ಪು ಗೆರೆ ಮೂಡಿತು. ಆಮೇಲೆ ಹಲಗೆ ಹೊಟ್ಟೆ ಬಿಟ್ಟಿತು. ಆಮೇಲೆ ಅದರ ನಡುವಿನಿಂದ ನೀರು ಒಂದು ಬಿಲ್ಲಿನ ಹಾಗೆ ಹೊರಟು, ಕುರ್ಚಿಯನ್ನು ದಾಟಿ, ಮೇಜಿನ ಮೇಲೆ ಬಿತ್ತು.

ಆಗಲೇ ಹೇಳಬಹುದಿತ್ತು. ಸಾಬೀತು ಅಷ್ಟಕ್ಕೇ ಆಗಿತ್ತು. ನಾನು ಹೇಲ್ ಮೇರಿ ಶುರು ಮಾಡಿದೆ. ಗಡಿಬಿಡಿಯಿಲ್ಲದೆ, ಪ್ರತಿ ಪದಕ್ಕೂ ಅದರ ಜಾಗ ಕೊಟ್ಟು. ಮ್ಯಾನೇಜರ್ ಮೂರನೆಯ ಸುತ್ತು ತಿರುಗಿಸಿದರು. ಒಳಗಿನ ಬಿಲ್ಲು ಇನ್ನಷ್ಟು ದಪ್ಪವಾಯಿತು. ಫೋನು ಕೊಚ್ಚಿಹೋಯಿತು. ಗೋಡೆಯ ಮೇಲಿನ ಅವರ ‘ಬೆಸ್ಟ್ ಮ್ಯಾನೇಜರ್’ ಫಲಕ ಕಳಚಿ ಬಿತ್ತು. ಗಾಜು ದಪ್ಪವಾದ್ದರಿಂದ ಸದ್ದು ಕೇಳಲಿಲ್ಲ. ಆಮೆನ್ ಬಂತು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಎರಡನೆಯದರ ನಡುವೆ ಮಾಲೀಕರು ತಲೆಯೆತ್ತಿದರು. “ಶು ಹಾದಾ?” ಏನಿದು ಎಂದು ಕಿಟಕಿಯತ್ತ ಕೈ ಮಾಡಿದರು. ಮ್ಯಾನೇಜರ್ ತಿರುಗಿದರು. ಆ ಮುಖ! ನಾನು ಅದನ್ನು ಫ್ರೇಮ್ ಹಾಕಿಸಿಟ್ಟುಕೊಂಡಿದ್ದೇನೆ, ಎದೆಯೊಳಗೆ. ಅವರಿಗೆ ನಲ್ಲಿ ಮುಚ್ಚಬೇಕೆಂಬುದೂ ಹೊಳೆಯಲಿಲ್ಲ. ಶತ್ತಾಫ್ ಹಿಡಿದೇ ನಿಂತಿದ್ದರು.

“ಬಂದ್ ಕರೋ! ಯಲ್ಲಾ, ಬಂದ್ ಕರೋ!” ಎಂದು ಮಾಲೀಕರು ಅವಸರಪಡಿಸಿದರು.

ಕಿಟಕಿಯ ಆಚೆ ಪ್ಲಂಬರ್ ಕಾಣಿಸಿಕೊಂಡ. ಪಂಪ್ ರೂಮಿನಲ್ಲಿ ಪ್ರೆಷರ್ ಇಳಿದದ್ದನ್ನು ನೋಡಿ ಓಡಿ ಬಂದಿದ್ದ. ಹಲಗೆ ಕಿತ್ತೆಸೆದು, ಮುಖಕ್ಕೆ ಹೊಡೆಯುವ ನೀರಿನೊಳಗೆ ಕೈ ತೂರಿಸಿ ವಾಲ್ವ್ ಮುಚ್ಚಿದ. ಆಮೇಲೆ ಗಾಜಿನ ಮೂಲಕ ಕೆಳಗೆ ನೋಡಿದ. ಆರನೆಯ ನಲ್ಲಿಗೆ ನೇತಾಡುತ್ತಿದ್ದ ಶತ್ತಾಫನ್ನು ನೋಡಿದ. ಆಮೇಲೆ ನನ್ನನ್ನು.

“ಇದು ಅದೇ ಪ್ಲಂಬರ್ ಮಾಡಿದ್ದು ಸರ್,” ಎಂದು ಮ್ಯಾನೇಜರ್ ತೊದಲಿದರು. ನಾನು ಬ್ಯಾಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮಾಲೀಕರ ಕೈಗಿತ್ತೆ. ಓದಿದರು. ಎರಡು ಪ್ರಶ್ನೆ ಕೇಳಿದರು, ನಾನು ಕೊಳವೆಯ ಲೆಕ್ಕವನ್ನು ಬೆರಳಿನಲ್ಲಿ ತೋರಿಸಿ ಹೇಳಿದೆ. ಐದನೆಯ ನಲ್ಲಿಯ ಬಗ್ಗೆಯೂ ಹೇಳಿದೆ, ನನ್ನ ತಪ್ಪು ಸಮೇತ. “ಖಲಾಸ್,” ಎಂದರು ಅವರು, ಕಾಗದವನ್ನು ಜೇಬಿಗಿಟ್ಟುಕೊಂಡು. ಅಷ್ಟೇ ಮೆತ್ತಗೆ.

“ನಿಮಗೆ ಗೊತ್ತಿತ್ತು ಅಲ್ವಾ ಆಂಟಿ?” ಎಂದು ಮ್ಯಾನೇಜರ್ ಹಲ್ಲು ಕಚ್ಚಿ ಕೇಳಿದರು.

“ಒಂದು ಲೋಟ ನೀರು ಸರ್. ಹಿತ್ತಾಳೆ.”

ಒಂದು ತಿಂಗಳೊಳಗೆ ಅವರನ್ನು ಕಂಪನಿಯ ಗೋದಾಮುಗಳ ಕಡೆಗೆ ಬದಲಾಯಿಸಿದರು. ತಗಡಿನ ಕೋಣೆ, ಕಿಟಕಿಯಿಲ್ಲ. ನಮ್ಮ ಬಸ್ಸು ದಿನವೂ ಅದರ ಮುಂದೆ ಹೋಗುತ್ತಿತ್ತು. ನಾನು ಸೀಟು ಬದಲಾಯಿಸಿ ಆ ಬದಿಯಲ್ಲೇ ಕೂರುತ್ತಿದ್ದೆ.

ಇಲ್ಲಿಗೆ ಮುಗಿಸಿದರೆ ಎಷ್ಟು ಚೆನ್ನಾಗಿತ್ತು.

ಮಾಲೀಕರು ಹೋದ ಮೇಲೆ ನಾನು ಆ ಆಫೀಸಿಗೆ ಹೋದೆ. ಗೆದ್ದ ಜಾಗವನ್ನು ನೋಡುವ ಆಸೆ. ಪ್ಲಂಬರ್ ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಅವನ ಮುಂದೆ ನೀಲಿ ಫೈಲು. ಕಾರ್ಡ್‌ಬೋರ್ಡು ಗಂಜಿಯಾಗಿತ್ತು. ಒಳಗಿನ ಕಾಗದವನ್ನು ಎರಡೂ ಅಂಗೈಯ ಮೇಲೆ ಹಿಡಿದಿದ್ದ, ನೀರಿನಿಂದ ಎತ್ತಿದ ಹಕ್ಕಿಮರಿಯನ್ನು ಹಿಡಿದ ಹಾಗೆ. ರಿಜಿಸ್ಟ್ರಾರರ ಸಹಿ ಕರಗಿ ನೇರಳೆ ಮೋಡವಾಗಿತ್ತು. ಸೀಲುಗಳು ಒಂದರೊಳಗೊಂದು ಹರಿದಿದ್ದವು.

ಅವನು ನನಗೆ ಹೇಳಿದ್ದ. ಎರಡು ಸಲ ಹೇಳಿದ್ದ. ನಾನೇ ಕಣ್ಣಾರೆ ಅದನ್ನು ಆ ಮೇಜಿನ ಮೇಲೆ ನೋಡಿದ್ದೆ.

“ಆರನೇದು ತೆಗ್ದಿದ್ದೇನೆ ಹೇಳಿದ್ರಿ,” ಎಂದ. ಸ್ವರ ಏರಿಸಲಿಲ್ಲ.

ನಾನು ಬಿದ್ದಿದ್ದ ಫಲಕವನ್ನು ಎತ್ತಿ ಮೇಜಿನ ಮೇಲಿಟ್ಟೆ.

“ಒಡೆಯೂದು ಒಡೀತು. ನೀರು ಬರೂದು ಕಾಣ್ತಿತ್ತಲ್ಲ ನಿಮಗೆ. ಆಗ ಕೂಗಿದ್ರೆ ಮೇಜಿನ ಈ ಬದಿ ಒಣಗೇ ಇರ್ತಿತ್ತು. ಎಂತಕ್ಕೆ ನಿಂತ್ರಿ?”

ಉತ್ತರ ನನ್ನ ಹತ್ತಿರ ಇತ್ತು. ಹೇಳಲಿಲ್ಲ.

ಮಕ್ಕಳ ಬೂಟು ಒಣಗಿಸುವ ಬಿಸಿಗಾಳಿಯ ಗೂಟಗಳ ಮೇಲೆ ಟವೆಲ್ ಹಾಸಿ, ಆ ಕಾಗದವನ್ನು ಮಲಗಿಸಿದೆವು. ಬರ್ ದುಬೈಗೆ ಹೋಗಿ ಬ್ಲಾಟಿಂಗ್ ಪೇಪರ್ ತಂದೆ. ಕಾನ್ವೆಂಟಿನಲ್ಲಿ ಫರ್ನ್ ಎಲೆಗಳನ್ನು ಒತ್ತಿಡುತ್ತಿದ್ದ ಹಾಗೆ ಪದರ ಪದರವಾಗಿ ಒತ್ತಿಟ್ಟೆ. ಕಾಗದ ಒಣಗಿತು, ಸಹಿ ಬರಲಿಲ್ಲ. ಹೊಸ ಅಧಿಕಾರಿ ಮೊದಲ ದಿನವೇ ಲೆಟರಿಗೆ ಸಹಿ ಹಾಕಿದರು. ಆದರೆ ಸರ್ಟಿಫಿಕೇಟನ್ನು ಊರಿನಲ್ಲಿ ಹೊಸದಾಗಿ ತೆಗೆಸಿ, ಮತ್ತೆ ಎಲ್ಲ ಮೆಟ್ಟಿಲು ಹತ್ತಿಸಿ, ಎಲ್ಲ ಸೀಲು ಒತ್ತಿಸಿ ತರುವಷ್ಟರಲ್ಲಿ ಐದು ತಿಂಗಳಾಯಿತು. ಸೂಟ್‌ಕೇಸ್ ಕೊಂಡಿಟ್ಟುಕೊಂಡ ಹೆಂಗಸು ಐದು ತಿಂಗಳು ಕಾದಳು. ಅಷ್ಟೂ ದಿನ ಸಂಜೆ ಅವನು ನನ್ನ ಜೊತೆ ಆರೂ ನಲ್ಲಿಗಳನ್ನು ಖಾಲಿ ಮಾಡಿದ. ಶತ್ತಾಫ್‌ಗಳು ಡಬ್ಬಿಗೆ ಮರಳಿದ್ದವು. ಒಂದು ವ್ಯತ್ಯಾಸವಾಯಿತು: ನಾನು ಮುಗಿಸಿದ ನಲ್ಲಿಗಳ ಬಾಯಿಯ ಕೆಳಗೂ ಅವನು ಹೋಗಿ ಬೆರಳಿಟ್ಟು ನೋಡುತ್ತಿದ್ದ.

ಅವಳು ಮಗಳೊಂದಿಗೆ ಬಂದದ್ದು ಜೂನಿನಲ್ಲಿ. ಮಗಳಿಗೆ ಹಿಮ ತೋರಿಸಲು ಕರೆದುಕೊಂಡು ಬಂದ. ನನಗಾಗಿ ಊರಿನ ಹಲ್ವ ತಂದಿದ್ದಳು. ಬಾಡಿಗೆ ಜಾಕೆಟ್ಟಿನೊಳಗೆ ನಡುಗುತ್ತ, “ಇವ್ರು ಫೋನಲ್ಲಿ ಯಾವಾಗ್ಲೂ ನಿಮ್ಮ ಸುದ್ದಿಯೇ ಮೇಡಂ,” ಎಂದಳು. “ಆ ಕಾಗದ ಒದ್ದೆ ಆಗದಿದ್ರೆ ಯಾವಾಗ್ಲೋ ಬರ್ತಿದ್ದೆ. ಅದು ಹೇಗೆ ಒದ್ದೆ ಆಯ್ತು ಕೇಳಿದ್ರೆ ಇವ್ರು ಸರಿಯಾಗಿ ಹೇಳೂದೇ ಇಲ್ಲ.”

ನಾನು ಅವನ ಕಡೆ ನೋಡಿದೆ. ಅವನು ಮಗಳ ಗ್ಲೌಸ್ ಸರಿ ಮಾಡುತ್ತಿದ್ದ.

“ನಲ್ಲಿ ಒಡೆದಿತ್ತು,” ಎಂದ, ತಲೆಯೆತ್ತದೆ.

ಆ ಮ್ಯಾನೇಜರರ ವಿಷಯದಲ್ಲಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನಾಳೆ ಸಿಕ್ಕರೂ ಅದೇ ನಲ್ಲಿಯನ್ನು ಅವರ ಕೈಗೆ ಕೊಟ್ಟೇನು. ಆದರೆ ‘ಎಂತಕ್ಕೆ ನಿಂತ್ರಿ’ ಎಂದು ಅವನು ಕೇಳಿದ ಪ್ರಶ್ನೆಗೆ ಇಲ್ಲಿ ಅವನಿಗೇ ಉತ್ತರ ಬರೆದಿಡುತ್ತೇನೆ. ಮೊದಲನೆಯ ಪ್ರಾರ್ಥನೆ ನಿನಗಾಗಿ ಹೇಳಿದ್ದೆಂದು ಬೇಕಾದರೆ ವಾದಿಸಬಲ್ಲೆ. ಎರಡನೆಯದು ನನಗಾಗಿ ಹೇಳಿಕೊಂಡದ್ದು.